ಉಬ್ಬಸದ ವಿಷಯ ನಮ್ಮಿಂದ ಮುಚ್ಚಿಡಬೇಡಿ

ಪ್ರಿಯ ಪೋಷಕರೇ,

ಕಳೆದ ತಿಂಗಳು ಆಟದ ಬಿಡುವಿನಲ್ಲಿ ಒಂದನೇ ತರಗತಿಯ ಮಗುವೊಂದು ಓಟ ನಿಲ್ಲಿಸಿ ಗೋಡೆಗೆ ಒರಗಿ ಕೂತಿತು. ಮಾತಾಡಿಸಿದರೆ ಎರಡು ಪದಕ್ಕೊಮ್ಮೆ ಉಸಿರು ಎಳೆದುಕೊಳ್ಳುತ್ತಿತ್ತು. ಚೀಲ ತಡಕಿದಾಗ ಪುಸ್ತಕಗಳಡಿ ಇನ್‌ಹೇಲರ್ ಸಿಕ್ಕಿತು. ಅದರ ಅವಧಿ ಮುಗಿದಿತ್ತು, ಜೊತೆಗೆ ಸ್ಪೇಸರ್ (ಇನ್‌ಹೇಲರಿಗೆ ಸಿಕ್ಕಿಸಿ ಔಷಧ ಎಳೆದುಕೊಳ್ಳುವ ಪ್ಲಾಸ್ಟಿಕ್ ಕೊಳವೆ) ಇರಲಿಲ್ಲ. ದಾಖಲಾತಿ ಅರ್ಜಿಯಲ್ಲಿ ಆರೋಗ್ಯ ಸಮಸ್ಯೆಯ ಮುಂದೆ 'ಇಲ್ಲ' ಎಂದು ಬರೆದಿತ್ತು. ಆಸ್ಪತ್ರೆಗೆ ಹೋದ ಮಗು ಸಂಜೆಗೆ ಮನೆ ಸೇರಿತು, ಈಗ ಚೆನ್ನಾಗಿದೆ. ಮನೆಯವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೇಳಿಬಿಟ್ಟರೆ ಮಗುವನ್ನು ಆಟಕ್ಕೆ ಬಿಡುವುದಿಲ್ಲವೇನೋ ಎಂದು ಅವರು ಹೆದರಿದ್ದರಂತೆ. ಆ ಹೆದರಿಕೆಗೆ ನಾವೂ ಕಾರಣರಿರಬಹುದು.

ಮೊದಲೇ ಹೇಳಿಬಿಡುತ್ತೇನೆ, ಉಬ್ಬಸವಿರುವ ಮಕ್ಕಳು ನಮ್ಮಲ್ಲಿ ಓಡುತ್ತಾರೆ. ಓಡಿದಾಗ ಎದೆ ಬಿಗಿಯುವ ಮಗುವಿಗೆ ವೈದ್ಯರು ಹೇಳಿದ್ದರೆ, ಆಟಕ್ಕೆ 10-15 ನಿಮಿಷ ಮುಂಚೆ ಇನ್‌ಹೇಲರ್ ಕೊಡಿಸಿ, ನಿಧಾನವಾಗಿ ಮೈ ಬೆಚ್ಚಗಾಗಿಸಿ ಆಟಕ್ಕೆ ಬಿಡುತ್ತೇವೆ. ಬೆಂಚಿನ ಮೇಲೆ ಕೂರಿಸುವುದು ಚಿಕಿತ್ಸೆಯಲ್ಲ.

ಚಿಕ್ಕ ಮಕ್ಕಳ ಶ್ವಾಸನಾಳಗಳು ಮೊದಲೇ ಸಣ್ಣವು. ನೆಗಡಿಯ ವೈರಸ್ ಹೊಕ್ಕಾಗ ಒಳಪದರ ಊದಿಕೊಳ್ಳುತ್ತದೆ, ಕಫ ಕಟ್ಟುತ್ತದೆ, ಸುತ್ತಲಿನ ಸ್ನಾಯು ಬಿಗಿಯುತ್ತದೆ. ಆ ಕಿರಿದಾದ ದಾರಿಯಲ್ಲಿ ಗಾಳಿ ಹೊರಬರುವಾಗ 'ಸುಂಯ್' ಎನ್ನುತ್ತದೆ, ಅದೇ ಉಬ್ಬಸ. ಕಫದ 'ಗೊರಗೊರ' ಬೇರೆ, ಈ ಶಿಳ್ಳೆಯಂಥ ಸದ್ದು ಬೇರೆ. ವೈದ್ಯರ ಬಳಿ ಹೋದಾಗ ಸದ್ದು ನಿಂತುಹೋಗಿರುವುದೇ ಹೆಚ್ಚು, ಆದ್ದರಿಂದ ಕೇಳಿಸಿದಾಗಲೇ ಫೋನಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ನೆಗಡಿಯಾದಾಗಲೆಲ್ಲ ಹೀಗಾಗುವ ಎಷ್ಟೋ ಮಕ್ಕಳಿಗೆ ಶಾಲೆಯ ವಯಸ್ಸಿಗೆ ಬರುವಷ್ಟರಲ್ಲಿ ಅದು ತಾನಾಗಿ ಬಿಟ್ಟುಹೋಗುತ್ತದೆ. ನೆಗಡಿಯಿಲ್ಲದಾಗಲೂ ಬರುತ್ತಿದ್ದರೆ, ರಾತ್ರಿ ಕೆಮ್ಮು ನಿದ್ದೆ ಕೆಡಿಸುತ್ತಿದ್ದರೆ, ನಕ್ಕಾಗ ಓಡಿದಾಗ ಕೆಮ್ಮು ಹತ್ತುತ್ತಿದ್ದರೆ ಆಸ್ತಮಾ ಇರಬಹುದು, ತೋರಿಸಿ. ಚೆನ್ನಾಗಿ ಆಡುತ್ತಿದ್ದ ಮಗುವಿಗೆ ಇದ್ದಕ್ಕಿದ್ದಂತೆ ಕೆಮ್ಮು, ಸುಂಯ್ ಸದ್ದು ಶುರುವಾದರೆ ಮಾತ್ರ ಮಣಿಯೋ ಬೀಜವೋ ಉಸಿರಿನ ದಾರಿಗೆ ಇಳಿದಿರಬಹುದು. ಆಗ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

'ಇನ್‌ಹೇಲರ್ ಅಭ್ಯಾಸವಾಗಿಬಿಡುತ್ತೆ, ಸಿರಪ್ ಸಾಕು' ಎಂಬ ಮಾತನ್ನು ಪೋಷಕರ ಸಭೆಗಳಲ್ಲಿ ಪ್ರತಿ ವರ್ಷ ಕೇಳುತ್ತೇನೆ. ಬಿಗಿದ ಶ್ವಾಸನಾಳವನ್ನು ಸಡಿಲಿಸುವ ಸಾಲ್ಬುಟಮಾಲ್ ಇನ್‌ಹೇಲರಿನ ಒಂದು ಪಫ್‌ನಲ್ಲಿ, ಅಂದರೆ ಒಮ್ಮೆ ಒತ್ತಿದಾಗ, ಸಾಮಾನ್ಯವಾಗಿ 100 ಮೈಕ್ರೊಗ್ರಾಂ ಔಷಧ. ಅದೇ ಔಷಧದ ಸಿರಪ್‌ನಲ್ಲಿ, 5 ಮಿ.ಲೀ.ಗೆ 2 ಮಿಲಿಗ್ರಾಂ (2,000 ಮೈಕ್ರೊಗ್ರಾಂ) ಇದ್ದರೆ, ಒಂದು ಚಮಚ 20 ಪಫ್‌ಗಳಿಗೆ ಸಮ. ಅದು ಹೊಟ್ಟೆ, ರಕ್ತ ಎಲ್ಲ ಸುತ್ತಿ ಎದೆಗೆ ಬರಬೇಕು. ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು ಸಿರಪ್‌ನಲ್ಲೇ ಹೆಚ್ಚು. ಇನ್‌ಹೇಲರ್ ಚಟ ಹಿಡಿಸುವುದಿಲ್ಲ.

ಆದರೆ ಸ್ಪೇಸರ್ ಇಲ್ಲದಿದ್ದರೆ ಚಿಕ್ಕ ಮಕ್ಕಳಲ್ಲಿ ಔಷಧದ ಬಹುಪಾಲು ಬಾಯಿ, ಗಂಟಲಿನಲ್ಲೇ ಉಳಿಯುತ್ತದೆ. ಇನ್‌ಹೇಲರನ್ನು ಚೆನ್ನಾಗಿ ಕುಲುಕಿ ಸ್ಪೇಸರ್‌ಗೆ ಸಿಕ್ಕಿಸಿ, ಮಾಸ್ಕ್ ಮುಖಕ್ಕೆ ಸಂದಿಯಿಲ್ಲದಂತೆ ಒತ್ತಿ ಒಂದು ಪಫ್ ಕೊಡಿ. ಮಗು ಐದಾರು ಬಾರಿ ಸಹಜವಾಗಿ ಉಸಿರಾಡಲಿ. ಅರ್ಧ ನಿಮಿಷವಾದರೂ ಬಿಟ್ಟು, ಮತ್ತೆ ಕುಲುಕಿ, ಮುಂದಿನದು. ಎರಡು ಪಫ್ ಒಟ್ಟಿಗೆ ಒತ್ತಿದರೆ ಔಷಧ ದಂಡ. ಸ್ಪೇಸರನ್ನು ತಿಂಗಳಿಗೊಮ್ಮೆ ಸಾಬೂನು ನೀರಿನಲ್ಲಿ ತೊಳೆದು ಗಾಳಿಗೆ ಆರಲು ಬಿಡಿ. ಬಟ್ಟೆಯಿಂದ ಉಜ್ಜಿದರೆ ಪ್ಲಾಸ್ಟಿಕ್ಕಿಗೆ ಸ್ಥಿರ ವಿದ್ಯುತ್ ಹತ್ತಿ ಔಷಧ ಗೋಡೆಗೇ ಅಂಟುತ್ತದೆ. (ಇದು ನನಗೂ ಇತ್ತೀಚೆಗಷ್ಟೇ ಗೊತ್ತಾಗಿದ್ದು. ಶಾಲೆಯ ಸ್ಪೇಸರನ್ನು ಅಷ್ಟು ದಿನ ಶ್ರದ್ಧೆಯಿಂದ ಉಜ್ಜಿ ಒರೆಸುತ್ತಿದ್ದವಳು ನಾನೇ!)

ದಿನವೂ ತೆಗೆದುಕೊಳ್ಳುವ ಸ್ಟೀರಾಯ್ಡ್ ಇನ್‌ಹೇಲರ್ ಬರೆದುಕೊಟ್ಟಿದ್ದರೆ, ಮಗು ಆರಾಮಾಗಿದೆ ಎಂದು ನೀವೇ ನಿಲ್ಲಿಸಬೇಡಿ. ಆರಾಮಾಗಿರುವುದೇ ಅದರಿಂದ. ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಲಿ. ಉಬ್ಬಸ ಬಂದಾಗ ಕೊಡುವ ತಕ್ಷಣದ ಇನ್‌ಹೇಲರ್ ವಾರಕ್ಕೆ ಎರಡಕ್ಕಿಂತ ಹೆಚ್ಚು ದಿನ ಬೇಕಾಗುತ್ತಿದ್ದರೆ ವೈದ್ಯರನ್ನು ಮತ್ತೆ ನೋಡಬೇಕು. ಹೊಗೆಯ ವಿಷಯದಲ್ಲಿ ರಿಯಾಯಿತಿಯೇ ಇಲ್ಲ. ಹೊರಗೆ ಸೇದಿ ಬಂದರೂ ಬಟ್ಟೆಯಲ್ಲಿ ಹೊಗೆಯ ಅಂಶ ಉಳಿದಿರುತ್ತದೆ.

ಶಾಲೆಯಲ್ಲಿ ಉಬ್ಬಸ ಬಂದರೆ ಮಗುವನ್ನು ನೆಟ್ಟಗೆ ಕೂರಿಸುತ್ತೇವೆ, ಮಲಗಿಸುವುದಿಲ್ಲ. ವೈದ್ಯರು ಬರೆದುಕೊಟ್ಟಷ್ಟು ಪಫ್ ಕೊಟ್ಟು ನಿಮಗೆ ಫೋನ್ ಮಾಡುತ್ತೇವೆ. ಪಕ್ಕೆ ಒಳಗೆ ಎಳೆಯುತ್ತಿದ್ದರೆ, ಮಾತು ತುಂಡಾಗುತ್ತಿದ್ದರೆ, ತುಟಿ ನೀಲಿಯಾದರೆ, ಮಗು ಮಂಕಾದರೆ ನಿಮ್ಮ ಒಪ್ಪಿಗೆಗೂ ಕಾಯದೆ ಆಂಬುಲೆನ್ಸ್ ಕರೆಸುತ್ತೇವೆ, ದಾರಿಯಲ್ಲೂ ಪಫ್ ಮುಂದುವರಿಸುತ್ತೇವೆ. ಏದುಸಿರು ಬಿಡುತ್ತಿರುವಾಗಲೇ ಸುಂಯ್ ಸದ್ದು ನಿಂತರೆ ಸಮಾಧಾನಪಡಬೇಡಿ. ಗಾಳಿಯೇ ಆಡುತ್ತಿಲ್ಲ ಎಂದರ್ಥ. ಮನೆಯಲ್ಲೂ ಈ ಲಕ್ಷಣಗಳು ಕಂಡರೆ, ಅಥವಾ ಕೊಟ್ಟ ಪಫ್‌ನ ಪರಿಣಾಮ ನಾಲ್ಕು ಗಂಟೆಯೂ ನಿಲ್ಲದಿದ್ದರೆ, ಬೆಳಗಾಗಲಿ ಎಂದು ಕೂರಬೇಡಿ.

ಈ ಪತ್ರದ ಜೊತೆ ಒಂದು ಹಾಳೆಯಿದೆ. ಔಷಧದ ಹೆಸರು, ಎಷ್ಟು ಪಫ್, ಯಾವುದರಿಂದ ಉಬ್ಬಸ ಕೆರಳುತ್ತದೆ ಎಂಬುದನ್ನು ವೈದ್ಯರಿಂದ ಬರೆಸಿ ಸೋಮವಾರದೊಳಗೆ ಕಳಿಸಿ. ಅದರೊಂದಿಗೆ ಮಗುವಿನ ಹೆಸರು ಅಂಟಿಸಿದ ಇನ್‌ಹೇಲರ್, ಸ್ಪೇಸರ್ ಎರಡೂ ಬರಲಿ. ಅವನ್ನು ಕಚೇರಿಯ ಬೀಗದ ಕಪಾಟಿನಲ್ಲಿ ಇಡುವುದಿಲ್ಲ, ತರಗತಿಯಲ್ಲೇ ಟೀಚರ ಕೈಗೆ ಸಿಗುವಲ್ಲಿ ಇರುತ್ತವೆ, ಆಟದ ಮೈದಾನಕ್ಕೂ ಮಗುವಿನ ಜೊತೆಗೇ ಬರುತ್ತವೆ.

ಇಂತಿ,
ಮುಖ್ಯ ಶಿಕ್ಷಕಿ