ಮಗಳಿಗೊಂದು ಪತ್ರ: ಕೆಲಸದ ವಿಷಯ ಬಿಡು, ಮನೆ ಹೇಗಿದೆ ಅಂತ ಕೇಳು

ಮಗಳೇ,

ನೀನು ಕಳಿಸಿದ ಜೆಸ್ವಿಟ್ ವಾಲಂಟಿಯರ್ ಕೋರ್‌ನ ವಿವರವನ್ನೆಲ್ಲ ಕೂತು ಓದಿದೆ. ನಿಮ್ಮಮ್ಮನೂ ಓದಿದಳು. ಜೆಸ್ವಿಟರು ಅಂದರೆ ನಮ್ಮ ಯೇಸುಸಭೆಯ ಕ್ಯಾಥೋಲಿಕ್ ಫಾದರುಗಳೇ; ಅವರ ಪರಂಪರೆಯ ಈ ಸಂಸ್ಥೆಯಲ್ಲಿ ಯುವಜನ ಒಂದು ವರ್ಷ ಒಂದೇ ಮನೆಯಲ್ಲಿದ್ದುಕೊಂಡು ಸೇವಾ ಕೆಲಸ ಮಾಡುತ್ತಾರೆ ಅಂತ ತಿಳಿಯಿತು. ಹೋಗು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕೆಳಗೆ ಬರೆದದ್ದನ್ನೆಲ್ಲ ಅಪ್ಪ ಬೇಡ ಅನ್ನೋದಕ್ಕೆ ಹುಡುಕಿದ ನೆಪ ಅಂದುಕೊಳ್ಳುತ್ತೀಯ. ಲಾ ಸ್ಕೂಲ್ ಒಂದು ವರ್ಷ ಕಾಯುತ್ತದೆ. ಇಲ್ಲಿ ಅಮೆರಿಕದ ಎಡಿಸನ್ನಿನಲ್ಲಿ ನಮ್ಮವರು "ಒಂದು ವರ್ಷ ವೇಸ್ಟ್ ಅಲ್ವಾ" ಅಂತ ಕೇಳಿಯೇ ಕೇಳುತ್ತಾರೆ. ಅವರಿಗೆ ಉತ್ತರ ಕೊಡೋ ಕೆಲಸ ನನಗಿರಲಿ.

ಹಾರೋಬೆಲೆಯಿಂದ ಅಜ್ಜಿ ಫೋನ್ ಮಾಡಿದ್ದರು. "ಕೂಸು ಸಿಸ್ಟರ್ ಆಯ್ತದಾ?" ಅಂತ ಕೇಳಿದರು. ಅವರು ಹಾಗೆ ಕೇಳಿದ್ದರಲ್ಲಿ ಆಶ್ಚರ್ಯ ಇಲ್ಲ ಬಿಡು, ನಮ್ಮೂರಿನ ಎಷ್ಟೋ ಮನೆಗಳಿಂದ ಯಾರಾದರೊಬ್ಬರು ಫಾದರೋ ಸಿಸ್ಟರೋ ಆಗಿ ಹೋಗಿದ್ದಾರೆ, ಹೋದವರು ಜೀವಮಾನಕ್ಕೇ ಹೋದ ಹಾಗೆ. ಒಂದು ವರ್ಷ ಸೇವೆ ಮಾಡಿ, ಆಮೇಲೆ ಲಾ ಓದೋಕೆ ಹೋಗೋದು ಅಂದರೆ ಅವರಿಗೆ ಅರ್ಥವೇ ಆಗಲಿಲ್ಲ. ಹುಡುಗರೂ ಹುಡುಗಿಯರೂ ಒಂದೇ ಮನೆಯಲ್ಲಿ ಇರುತ್ತಾರೆ ಅನ್ನೋದನ್ನು ನಾನಿನ್ನೂ ಹೇಳಿಲ್ಲ. ಅದನ್ನು ನೀನೇ ಹೇಳಿಕೋ.

ಈಗ ವಿಷಯಕ್ಕೆ ಬರುತ್ತೇನೆ. ನೀನು ಫೋನಿನಲ್ಲಿ ಮಾತಾಡೋದೆಲ್ಲ ಕೆಲಸದ ಬಗ್ಗೆಯೇ. ವಲಸೆ ಬಂದವರಿಗೆ ಕಾನೂನು ನೆರವು ಕೊಡೋ ಆಫೀಸು, ಅಲ್ಲಿನ ವಕೀಲರು, ನಿನ್ನ ಸ್ಪ್ಯಾನಿಷ್ ಸಾಲುತ್ತದಾ ಇಲ್ಲವಾ. ನನಗೆ ಆ ಆಫೀಸಿನ ಬಗ್ಗೆ ಚಿಂತೆಯೇ ಇಲ್ಲ. ಬೆಳಿಗ್ಗೆ ಹೋಗ್ತೀಯ, ಕಷ್ಟದ ಕಥೆ ಕೇಳ್ತೀಯ, ಫಾರಂ ತುಂಬಿಸ್ತೀಯ, ಒಂದೆರಡು ತಿಂಗಳಲ್ಲಿ ಪಳಗುತ್ತೀಯ. ಈ ವರ್ಷ ನಿನ್ನನ್ನು ಅಲ್ಲಾಡಿಸೋದೇನಾದರೂ ಇದ್ದರೆ ಅದು ಸಂಜೆ ಹೊತ್ತಿನ ಮನೆ. ನೀನು ಆರಿಸಿಕೊಳ್ಳದ ನಾಲ್ಕೈದು ಜನ, ಒಂದೇ ಅಡುಗೆಮನೆ, ಒಂದೇ ದಿನಸಿ ದುಡ್ಡು. ವಾರದಲ್ಲಿ ಒಂದು ಸಂಜೆ ಪ್ರಾರ್ಥನೆಗೆ, ಇನ್ನೊಂದು ಸಂಜೆ ಸುಮ್ನೆ ಎಲ್ಲರೂ ಒಟ್ಟಿಗೆ ಇರೋದಕ್ಕೆ. ಕಾಲೇಜಿನ ಡಾರ್ಮಿಟರಿ ಹಾಗಲ್ಲ ಇದು. ಅಲ್ಲಿ ರೂಮ್‌ಮೇಟ್ ಜೊತೆ ಆಗದಿದ್ದರೆ ಹೆಡ್‌ಫೋನ್ ಹಾಕಿಕೊಂಡು ಮಲಗುತ್ತಿದ್ದೆ. ಇಲ್ಲಿ ಪಾತ್ರೆ ಯಾರು ತೊಳೆಯಲಿಲ್ಲ ಅನ್ನೋದನ್ನೂ ಎಲ್ಲರೂ ಸುತ್ತ ಕೂತು ಮಾತಾಡಬೇಕು. ನಿನಗೆ ಸಿಟ್ಟು ಬಂದರೆ ಬಾಯಿ ಮುಚ್ಚಿಕೊಂಡು ಬಾಗಿಲು ಹಾಕಿಕೊಳ್ಳೋ ಅಭ್ಯಾಸ. ನಿಮ್ಮಮ್ಮನ ಕಡೆಯಿಂದ ಬಂದದ್ದು ಅದು, ನನ್ನದಲ್ಲ.

ಹಾಗಾಗಿ ಇಂಟರ್‌ವ್ಯೂನಲ್ಲಿ ಮನೆಯ ಬಗ್ಗೆ ಜಾಸ್ತಿ ಕೇಳು. ಜಗಳ ಆದಾಗ ಯಾರ ಹತ್ತಿರ ಹೋಗಬೇಕು? ಯಾರಾದರೂ ವರ್ಷದ ಮಧ್ಯೆ ಬಿಟ್ಟುಹೋದರೆ ಉಳಿದವರ ಖರ್ಚು ಹೇಗೆ ನಡೆಯುತ್ತದೆ? ಕಳೆದ ವರ್ಷ ಅದೇ ಮನೆಯಲ್ಲಿದ್ದ ಒಬ್ಬರ ಜೊತೆ ಮಾತಾಡಬಹುದಾ? ಆಗಲ್ಲ ಅಂದರೆ ಯಾಕೆ ಆಗಲ್ಲ ಅಂತಲೂ ಕೇಳು.

ಇನ್ನೊಂದು ಪ್ರಶ್ನೆ ಸ್ವಲ್ಪ ಕಹಿ. ನಿಮ್ಮ ಸಂಸ್ಥೆ ಶುರುವಾದದ್ದು 1956ರಲ್ಲಿ, ಅಲಾಸ್ಕದ ಕಾಪರ್ ವ್ಯಾಲಿಯಲ್ಲಿ. ಮುಖ್ಯವಾಗಿ ಅಲ್ಲಿನ ಮೂಲನಿವಾಸಿ ಮಕ್ಕಳಿಗಾಗಿ ಯೇಸುಸಭೆಯವರೂ ಸಂತ ಆನ್ ಸಭೆಯ ಸಿಸ್ಟರುಗಳೂ ನಡೆಸಿದ ಬೋರ್ಡಿಂಗ್ ಶಾಲೆಗೆ ಕೈಜೋಡಿಸೋಕೆ ಹೋದ ಯುವಜನರಿಂದ. ಚಂದದ ಕಥೆ. ಆದರೆ ಅಲಾಸ್ಕವನ್ನೂ ನೋಡಿಕೊಳ್ಳುತ್ತಿದ್ದ ಯೇಸುಸಭೆಯ ಆಡಳಿತ ವಿಭಾಗವಾದ ಆರೆಗನ್ ಪ್ರಾಂತ್ಯ 2009ರಲ್ಲಿ ದಿವಾಳಿ ಅರ್ಜಿ ಹಾಕಿತು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸುಗಳು ಅಷ್ಟಿದ್ದವು. 2011ರಲ್ಲಿ ಸುಮಾರು 500 ಜನರಿಗೆ 166 ಮಿಲಿಯನ್ ಡಾಲರ್ ಪರಿಹಾರಕ್ಕೆ ಒಪ್ಪಂದವಾಯಿತು. ಅವರಲ್ಲಿ ಬಹಳಷ್ಟು ಜನ ಮೂಲನಿವಾಸಿಗಳು. ಇದು ನಿಮ್ಮ ವಾಲಂಟಿಯರ್‌ಗಳು ಮಾಡಿದ್ದಲ್ಲ, ಗೊತ್ತು. ನಾನೂ ಬೆಂಗಳೂರಿನ ಸಂತ ಜೋಸೆಫರ ಕಾಲೇಜಿನಲ್ಲಿ ಇದೇ ಯೇಸುಸಭೆಯವರ ಕೈಕೆಳಗೆ ಓದಿದವನು, ಅವರ ಮೇಲೆ ನನಗೆ ಗೌರವ ಇದೆ. ಆದರೂ ಸೇವೆ ಮಾಡೋಕೆ ಬಂದವರು ಅಂದ ಮಾತ್ರಕ್ಕೆ ಯಾರನ್ನೂ ಪ್ರಶ್ನೆ ಮಾಡದೆ ಬಿಡೋದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಅಲ್ಲಿ ಕಂಡಿದೆ. ದೂರು ಇದ್ದರೆ ಸಂಸ್ಥೆಯ ಹೊರಗಿನವರು ಯಾರಾದರೂ ಕೇಳುತ್ತಾರಾ? ನಿನಗೋಸ್ಕರವೂ ಕೇಳು, ನೀನು ಯಾರ ಕೆಲಸ ಮಾಡಿಕೊಡುತ್ತೀಯೋ ಅವರಿಗೋಸ್ಕರವೂ ಕೇಳು.

ದುಡ್ಡಿನ ವಿಷಯ. ಬಾಡಿಗೆ, ಊಟ, ಓಡಾಟ ಅವರದು, ಕೈಗೆ ಸಿಗೋದು ಪಾಕೆಟ್ ಮನಿ ಅಷ್ಟೇ. ನಿನ್ನನ್ನು ತೆಗೆದುಕೊಳ್ಳೋ ಆಫೀಸು ಸಂಸ್ಥೆಗೆ ಒಂದಿಷ್ಟು ಕೊಡುತ್ತದೆ, ಸಂಬಳಕ್ಕೆ ಹೋಲಿಸಿದರೆ ಅದು ಕಡಿಮೆ. ಅಂದರೆ ಸಂಬಳ ಕೊಟ್ಟು ಇಟ್ಟುಕೊಳ್ಳಬೇಕಾದ ಒಬ್ಬರ ಜಾಗದಲ್ಲಿ ನೀನು ಕೂರುತ್ತಿದ್ದೀಯಾ? ಅಲ್ಲಿನ ಹಳಬರನ್ನು ಮೆಲ್ಲಗೆ ಕೇಳಿ ನೋಡು.

ಸರಳ ಜೀವನ ಅಂತ ಅವರ ನಾಲ್ಕು ತತ್ವಗಳಲ್ಲಿ ಒಂದಿದೆಯಲ್ಲ, ಆತ್ಮಿಕತೆ, ಸಮುದಾಯ, ಸಾಮಾಜಿಕ ನ್ಯಾಯದ ಜೊತೆಗೆ. ನನಗೆ ಮೊದಲು ನಗು ಬಂತು. ಸೀಮೆಎಣ್ಣೆ ಕ್ಯೂನಲ್ಲಿ ನಿಂತು ಬೆಳೆದವನ ಮಗಳು ಅರ್ಜಿ ಹಾಕಿ, ಶಿಫಾರಸು ಪತ್ರ ಕೊಟ್ಟು, ಇಂಟರ್‌ವ್ಯೂ ಪಾಸಾಗಿ ಕಡಿಮೆ ದುಡ್ಡಿನಲ್ಲಿ ಬದುಕೋಕೆ ಹೊರಟಿದ್ದಾಳೆ! ಆಮೇಲೆ ಯೋಚನೆ ಮಾಡಿದೆ. ಆ ಮನೆಯಲ್ಲಿ ಒಬ್ಬರ ಅಪ್ಪ ಗುಟ್ಟಾಗಿ ದುಡ್ಡು ಕಳಿಸಿದರೂ ಸಾಕು, ಒಬ್ಬರು ಹೊರಗೆ ತಿನ್ನುತ್ತಾರೆ, ಉಳಿದವರು ಬೇಳೆ ಬೇಯಿಸುತ್ತಾರೆ, ಅಲ್ಲಿಗೆ ಒಟ್ಟಿಗೆ ಬದುಕೋದು ಮುಗಿಯಿತು. ಹಾಗಾಗಿ ನಾನು ಕಳಿಸೋದಿಲ್ಲ. ನಿಮ್ಮಮ್ಮ ಕಳಿಸುತ್ತಾಳೆ, ಅವಳನ್ನು ತಡೆಯೋ ಶಕ್ತಿ ನನಗಿಲ್ಲ. ಅದನ್ನು ದಿನಸಿ ಡಬ್ಬಿಗೆ ಹಾಕಿಬಿಡು. ಆದರೆ ಇದನ್ನು ಬಡತನ ಅಂತ ಮಾತ್ರ ಕರೀಬೇಡ. ನಿನ್ನ ಹಲ್ಲು ನೋವು ಬಂದರೆ ನಾವಿದ್ದೇವೆ. ನಿನ್ನ ಆಫೀಸಿಗೆ ಬರೋ ಹೆಂಗಸಿಗೆ ಯಾರೂ ಇರೋದಿಲ್ಲ. ಅವಳೆದುರು "ನಾನೂ ಕಡಿಮೆ ದುಡ್ಡಿನಲ್ಲೇ ಬದುಕ್ತಿದ್ದೀನಿ" ಅಂತ ಹೇಳೋಕೆ ಹೋಗಬೇಡ.

ಹಳೆಯ ವಾಲಂಟಿಯರ್‌ಗಳು ಈ ವರ್ಷ ಮುಗಿಸಿದವರನ್ನು "ಜೀವಮಾನಕ್ಕೇ ಕೆಟ್ಟುಹೋದವರು" ಅಂತ ತಮಾಷೆ ಮಾಡುತ್ತಾರಂತೆ, ಮತ್ತೆ ಹಳೇ ಥರ ಬದುಕೋಕಾಗಲ್ಲ ಅನ್ನೋ ಅರ್ಥದಲ್ಲಿ. ದೊಡ್ಡ ಸಂಬಳದ ಲಾ ಫರ್ಮ್ ಬೇಡ ಅಂತ ನೀನು ವಾಪಸ್ ಬಂದರೆ ನನಗೆ ಬೇಜಾರಾಗುತ್ತಾ? ಸ್ವಲ್ಪ ಆಗುತ್ತದೆ. ಸುಳ್ಳು ಯಾಕೆ ಹೇಳಲಿ. ನಿನ್ನ ಎಜುಕೇಶನ್ ಲೋನ್ ಇನ್ನೂ ಇದೆ. ಕೆಲವು ಸೇವಾ ಕೆಲಸಗಳು ಅಮೆರಿಕಾರ್ಪ್ಸ್ ಅನ್ನೋ ಸರ್ಕಾರಿ ಸೇವಾ ಯೋಜನೆಯ ಜೊತೆ ಸೇರಿರುತ್ತವೆ, ಆಗ ಸಾಲದ ಕಂತು ಮುಂದಕ್ಕೆ ಹಾಕಿಸಬಹುದು, ಕೊನೆಗೆ ಓದಿಗೆ ಅಂತ ಒಂದಿಷ್ಟು ದುಡ್ಡೂ ಸಿಗುತ್ತದೆ. ನಿನ್ನದು ಅದರಲ್ಲಿ ಬರುತ್ತದಾ ಅಂತ ಸಹಿ ಹಾಕೋ ಮೊದಲೇ ಬರಹದಲ್ಲಿ ತರಿಸಿಕೋ.

ಹೆಲ್ತ್ ಇನ್ಶೂರೆನ್ಸ್ ಅವರು ಕೊಟ್ಟರೂ ನಮ್ಮದರಿಂದ ನಿನ್ನ ಹೆಸರು ತೆಗೆಸೋದಿಲ್ಲ. 26 ವರ್ಷ ಆಗೋವರೆಗೆ ಇರಬಹುದು, ಇರಲಿ. ಫೋನೂ ಫ್ಯಾಮಿಲಿ ಪ್ಲಾನ್‌ನಲ್ಲೇ ಇರಲಿ, ಅದರಲ್ಲಿ ಸರಳ ಜೀವನ ಬೇಡ, ಭಾನುವಾರ ಪೂಜೆ ಮುಗಿಸಿ ಅಜ್ಜಿಗೆ ಕಾಲ್ ಮಾಡಬೇಕು. ಊರು ಯಾವುದು ಅಂತ ಗೊತ್ತಾದ ಕೂಡಲೇ ಹೇಳು. ಚಳಿ ಊರಾದರೆ ನಿನ್ನ ಆ ತೆಳು ಜಾಕೆಟ್ ಸಾಲೋದಿಲ್ಲ.

ನಿನ್ನ
ಅಪ್ಪ