ಸೀಟಿ ಎಣಿಸುವ ಡಬ್ಬಿಗೆ ಕೈ ಹಚ್ಚಿದವರಿಗೆಲ್ಲ

ವಿಜಯಪುರದ ನಮ್ಮ ಅಡುಗೆಮನೆಯ ಗೋಡೆ ಮೇಲೆ ಈಗ ಒಂದು ಸಣ್ಣ ಡಬ್ಬಿ ಇದೆ. ಕುಕ್ಕರ್ ಸೀಟಿ ಹೊಡೆದಾಗೊಮ್ಮೆ ಅದು ಎಣಿಸುತ್ತದೆ, ಅವ್ವನ ಕೈಯಲ್ಲಿನ ಪಟ್ಟಿ ಗುರ್ ಅಂತ ನಡುಗುತ್ತದೆ. ಸಂಕ್ರಮಣದ ಜಾತ್ರೆಗೆ ಮುಂಚೆ ಹಚ್ಚಿದ್ದು. ಯುಗಾದಿ ಮುಗಿದರೂ ಕೆಟ್ಟಿಲ್ಲ. ಇನ್ನು ಥ್ಯಾಂಕ್ಸ್ ಹೇಳಬಹುದು ಅನ್ನಿಸಿತು.

ಅವ್ವನಿಗೆ ಕಿವಿ ಮಂದ. ಮಷಿನ್ ಇದೆ, ಆದರೆ ಒಲೆ ಮುಂದೆ ಬೆವರು ಬರುತ್ತದೆ ಅಂತ ತೆಗೆದಿಡುತ್ತಾಳೆ. ಒಂದೆರಡು ಸಲ ಬೇಳೆ ತಳ ಹತ್ತಿದ ಮೇಲೆ ಕುಕ್ಕರ್ ಮುಟ್ಟುವುದನ್ನೇ ಬಿಟ್ಟಳು. ಯಾರೂ ಬೈದಿರಲಿಲ್ಲ. ಆದರೂ ಬೇಳೆ ಹಸನು ಮಾಡಿ ಸೊಸೆಯ ಕೈಗೆ ಕೊಟ್ಟು, ಸುಮ್ನೆ ಅಂಗಳಕ್ಕೆ ಹೋಗಿ ಕೂರುತ್ತಿದ್ದಳು. ಇಷ್ಟು ವರ್ಷ ಮನೆ ತುಂಬ ಮಂದಿಗೆ ಅಡುಗೆ ಮಾಡಿ ಹಾಕಿದವಳು. ನೋಡೋಕೆ ಕಷ್ಟ ಅಲ್ವಾ?

ಮೊದಲ ನಮಸ್ಕಾರ ಟಿವಿ ರಿಪೇರಿ ಮಾಮಾಗೆ. ಸಂಜೆ ಹೊತ್ತು ಅಂಗಡಿಯ ಅರ್ಧ ಮೇಜು ನನಗೆ ಬಿಟ್ಟುಕೊಟ್ಟರು. ಕೈಪಟ್ಟಿಯೊಳಗಿನ ಮೋಟರ್ ಹಳೇ ಮೊಬೈಲಿನದು, ಅದೂ ಅವರ ಡ್ರಾವರಿನದೇ. ಇದನ್ನೆಲ್ಲ ನಡೆಸುವುದು ಇಎಸ್‌ಪಿ 32 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್, ಅದರ ಪಿನ್ ಮೋಟರಿಗೆ ಬೇಕಾದಷ್ಟು ಕರೆಂಟ್ ತಾಳುವುದಿಲ್ಲ. ನಡುವೆ ಸ್ವಿಚ್ಚಿನಂತೆ ಒಂದು ಟ್ರಾನ್ಸಿಸ್ಟರ್, ಮೋಟರ್ ನಿಂತಾಗ ಬರುವ ಹೊಡೆತ ತಡೆಯೋಕೆ ಅದಕ್ಕೆ ಅಡ್ಡಲಾಗಿ ಒಂದು ಡಯೋಡ್ ಬೇಕು. ಅಷ್ಟನ್ನೂ ತಾವೇ ಸೋಲ್ಡರ್ ಮಾಡಿ ಕೊಟ್ಟರು. ದುಡ್ಡು ಎಷ್ಟು ಅಂದರೆ, "ಹಬ್ಬಕ್ಕ ಕಟ್ಟಿನ ಸಾರು ಕಳಸ್ರಿ ಸಾಕು" ಅಂದರು. ಕಳಿಸಿದೆವು.

ನಿಜವಾದ ತಲೆನೋವು ಸೀಟಿಯನ್ನು ಗುರುತಿಸುವುದು. ಮಿಕ್ಸರ್, ನಲ್ಲಿ, ಟಿವಿ, ಅದರ ಮೇಲೆ ರೊಟ್ಟಿ ಬಡಿಯುವ ಸಪ್ಪಳ. ಇಲ್ಲಿ ಪಾಲಿಟೆಕ್ನಿಕ್ ಮೇಡಂ ಋಣ ದೊಡ್ಡದು. ಸದ್ದನ್ನು ಪರದೆ ಮೇಲೆ ಅಲೆಯಾಗಿ ತೋರಿಸುವ ಆಸಿಲೋಸ್ಕೋಪ್ ಮುಂದೆ ಕೂರಿಸಿ, ಮನೆಯ ಒಂದೊಂದೇ ಸದ್ದಿನ ರೆಕಾರ್ಡಿಂಗ್ ಹಾಕಿ ತೋರಿಸಿದರು. ರೊಟ್ಟಿ ಬಡಿತ ಚಕ್ಕನೆ ಎದ್ದು ಚಕ್ಕನೆ ಬೀಳುತ್ತದೆ. ಸೀಟಿ ಎದ್ದರೆ ಒಂದೆರಡು ಸೆಕೆಂಡ್ ಇಳಿಯುವುದಿಲ್ಲ. ಮಿಕ್ಸರಿನಲ್ಲಿ ಮೋಟರಿನ ದಪ್ಪ ಗುಂಯ್ ಜಾಸ್ತಿ, ಸೀಟಿಯಲ್ಲಿ ತೆಳು ಸುಯ್ ಜಾಸ್ತಿ. ನಮ್ಮ ಪ್ರೋಗ್ರಾಂ ನೋಡುವುದು ಇವೆರಡನ್ನೇ: ಸದ್ದು ಎಷ್ಟು ಹೊತ್ತು ನಿಂತಿತು, ದಪ್ಪವೋ ತೆಳುವೋ. ಮೈಕ್ ಬದಲಿಸಿದ್ದೂ ಅವರ ಮಾತಿಗೆ. ಮೊದಲಿದ್ದ ಮ್ಯಾಕ್ಸ್ 9814 ಮೈಕ್, ಸುತ್ತ ಸದ್ದು ಕಡಿಮೆ ಆದಾಗ ತಾನೇ ದನಿ ಏರಿಸಿಕೊಳ್ಳುತ್ತದೆ. ಮಾತು ರೆಕಾರ್ಡ್ ಮಾಡೋಕೆ ಚೆನ್ನ. ಆದರೆ ನಮ್ಮಲ್ಲಿ ದೂರದ ಚಮಚ ಬಿದ್ದರೂ ಸೀಟಿಯಷ್ಟೇ ಜೋರು ಕಾಣುತ್ತಿತ್ತು. ಈಗಿನ ಮ್ಯಾಕ್ಸ್ 4466ರಲ್ಲಿ ಸಣ್ಣ ಸ್ಕ್ರೂ ತಿರುಗಿಸಿ ಎಷ್ಟು ಬೇಕೋ ಅಷ್ಟಕ್ಕೇ ನಿಲ್ಲಿಸಬಹುದು.

ಈ ಪರೀಕ್ಷೆಗೆಲ್ಲ ಬರೀ ನೀರು ಹಾಕಿ ಮತ್ತೆ ಮತ್ತೆ ಕುಕ್ಕರ್ ಇಟ್ಟ ನನ್ನ ಹೆಂಡತಿ ಸಿಲಿಂಡರ್ ಲೆಕ್ಕ ಕೇಳಲಿಲ್ಲ. ಅದಕ್ಕೊಂದು ಬೇರೆ ನಮಸ್ಕಾರ.

ಪಕ್ಕದ ಮನೆ ಕಾಕು ಡಬ್ಬಿ ನೋಡೋಕೆ ಬಂದವರು ಒಂದೇ ಮಾತು ಕೇಳಿದರು. "ಸೀಟಿನ ಬರ್ಲಿಲ್ಲಂದ್ರ ನಿನ್ನ ಡಬ್ಬಿ ಏನ್ ಮಾಡ್ತೈತಿ ತಮ್ಮಾ?" ನಾವ್ಯಾರೂ ಇದನ್ನು ಯೋಚಿಸಿರಲಿಲ್ಲ. ಬೇಳೆಯ ನೊರೆ ಸಿಕ್ಕಿ ಆವಿ ಹೋಗುವ ತೂತು ಕಟ್ಟಿಕೊಳ್ಳಬಹುದು. ಸೇಫ್ಟಿ ವಾಲ್ವ್ ಇದೆ, ಆದರೆ ಅದು ಕೊನೆಯ ಕಾವಲು. ಗ್ಯಾಸ್ಕೆಟ್ ಸಡಿಲ ಆಗಿದ್ದರೂ ಸೀಟಿ ಬರುವುದಿಲ್ಲ, ಒಳಗಿನ ನೀರು ಮಾತ್ರ ಇಂಗುತ್ತಾ ಹೋಗುತ್ತದೆ. ಈಗ ಕುಕ್ಕರ್ ಇಟ್ಟಾಗ ಒಂದು ಬಟನ್ ಒತ್ತಬೇಕು. 15 ನಿಮಿಷದೊಳಗೆ ಸೀಟಿ ಕೇಳದಿದ್ದರೆ ಕೆಂಪು ದೀಪ ಹತ್ತುತ್ತದೆ, ಪಟ್ಟಿ ಬಿಡದೆ ನಡುಗುತ್ತದೆ. ಡಬ್ಬಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು, ಪೂರಾ ಕಾಕು ಅವರದು.

ಕೈಪಟ್ಟಿ ಅವ್ವನದೇ ಹಟ. ಗೋಡೆಗೆ ಬರೀ ದೀಪ ಹಾಕೋಣ ಅಂದಾಗ, "ನಾ ಅಂಗಳದಾಗ ಇರ್ತೀನಿ, ದೀಪ ಯಾರ್ ನೋಡ್ಬೇಕು?" ಅಂದಳು. ಡಬ್ಬಿ ಮತ್ತು ಪಟ್ಟಿ ಎರಡರಲ್ಲೂ ಇಎಸ್‌ಪಿ 32 ಇದೆ. ಇಎಸ್‌ಪಿ ನೌ ಎನ್ನುವ ವಿಧಾನದಲ್ಲಿ ಅವು ರೌಟರ್ ಇಲ್ಲದೆಯೇ ಮಾತಾಡುತ್ತವೆ. ಎರಡೂ ಬ್ಯಾಟರಿ ಮೇಲೆ ನಡೆಯುವುದರಿಂದ ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಮೂರು ಸೀಟಿಗೆ ಅವ್ವ ತಾನೇ ಎದ್ದು ಬಂದು ಗ್ಯಾಸ್ ಬಂದ್ ಮಾಡುತ್ತಾಳೆ. ಆ ಕೆಲಸವನ್ನು ಡಬ್ಬಿಗೆ ಕೊಟ್ಟಿಲ್ಲ, ಕೊಡುವುದೂ ಇಲ್ಲ.

ಜಮಖಂಡಿಯ ಅಕ್ಕ ತನ್ನ ಅತ್ತೆಗೂ ಒಂದು ಬೇಕು ಅಂದಿದ್ದಾಳೆ, ಅದರ ಕೆಲಸ ನಡೆದಿದೆ. ಸರ್ಕ್ಯೂಟ್ ಚಿತ್ರ, ಪ್ರೋಗ್ರಾಂ ಬೇಕಾದವರು ಕೇಳಿ, ಕಳಿಸುತ್ತೇನೆ. ಮೈಕ್ ಮಾತ್ರ ಆವಿ ತಾಗದಷ್ಟು ದೂರ ಹಚ್ಚಿರಿ.