ಭಾನುವಾರದ ಹುಲ್ಲುಗಾವಲು ನಡಿಗೆ: ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಪುಣೆಯ ವೇತಾಳ ಟೇಕಡಿ ಗುಡ್ಡದಲ್ಲಿ ಬರುವ ಭಾನುವಾರ ಬೆಳಿಗ್ಗೆ 6.30ಕ್ಕೆ ನಡೆಯಲಿರುವ ನಮ್ಮ ನಡಿಗೆಯಲ್ಲಿ, ಹುಲ್ಲಿನ ಮೇಲೆ ಬಾಳುವ ಟಿಬೆಲ್ಲಸ್ ಕುಲದ ಏಡಿ ಜೇಡಗಳನ್ನು ಹುಡುಕಲಿದ್ದೇವೆ. ಒಣಹುಲ್ಲಿನ ಬಣ್ಣದ, ಬೆನ್ನುದ್ದಕ್ಕೂ ಕಂದು ಗೆರೆಯಿರುವ ಈ ನೀಳ ಜೇಡ ಬೇಟೆಗೆ ಬಲೆ ನೇಯುವುದಿಲ್ಲ. ಮುಂದಿನ ಎರಡು ಜೊತೆ ಕಾಲುಗಳನ್ನು ಮುಂದಕ್ಕೂ ಕೊನೆಯ ಜೊತೆಯನ್ನು ಹಿಂದಕ್ಕೂ ಚಾಚಿ ಹುಲ್ಲಿನ ಎಸಳಿಗೆ ಅಂಟಿಕೊಂಡಿರುವುದರಿಂದ, ಕಣ್ಣೆದುರಿಗಿದ್ದರೂ ಬಹಳ ಮಂದಿಗೆ ಕಾಣುವುದೇ ಇಲ್ಲ. ಆದ್ದರಿಂದ ಯಾರೂ ಕಾಲುದಾರಿ ಬಿಟ್ಟು ಹುಲ್ಲು ತುಳಿಯಬಾರದು, ಎಸಳು ಕೀಳಬಾರದು. ರೇಷ್ಮೆಯ ಮೊಟ್ಟೆಚೀಲವನ್ನು ತಾಯಿ ಜೇಡ ಕಾಯುತ್ತಿದ್ದರೆ ದೂರದಿಂದಲೇ ಫೋಟೋ ತೆಗೆಯಿರಿ. ಮಕ್ಕಳನ್ನೂ ಕರೆತರಬಹುದು (ಇಂಥದಕ್ಕೆ ಅವರ ಕಣ್ಣೇ ಚುರುಕು). ಬರುವವರು ಶುಕ್ರವಾರ ರಾತ್ರಿಯೊಳಗೆ ಈ ಗುಂಪಿನಲ್ಲೇ ಹೆಸರು ತಿಳಿಸಬೇಕಾಗಿ ವಿನಂತಿ.